ವರ್ಜ್ಯ ಸ್ವರ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಮುಂದೆ ಮಂಡಕ್ಕಿ ಚೀಲ ಹೇರಿದ ಲಗೇಜ್ ಆಟೋ,
ಹಿಂದೆ ನಲವತ್ತು ಸ್ಕೂಟರು, ಒಂದು ಶಾಲೆಯ ವ್ಯಾನು.
ಆ ಗದ್ದಲದೊಳಗೆ ಯಾರೋ ಶಿಳ್ಳೆಯಲ್ಲಿ
ನನ್ನ ಲಲತ್ ತೆಗೆದರು.

ಲಲತ್ ಯಾರಪ್ಪನ ಮನೆಯದೂ ಅಲ್ಲ, ಗೊತ್ತು.
ಆದರೆ ಎರಡು ಮಧ್ಯಮಗಳ ನಡುವೆ ಒಂದು ಎಡವು,
ಮೂರನೇ ಬೆರಳಿನ ಹಳೇ ಗಾಯದ್ದು,
ಬೆಳಗಿನ ನಾಲ್ಕಕ್ಕೆ ಬಾಗಿಲು ಹಾಕಿದ ಕೋಣೆಯಲ್ಲಿ
ಮಾತ್ರ ಆಗುವಂಥದು.
ವೇದಿಕೆಯ ಮೇಲೆ ಎಂದೂ ಬಿಟ್ಟುಕೊಟ್ಟಿಲ್ಲ.
ಶಿಳ್ಳೆ ಸರಿಯಾಗಿ ಅಲ್ಲೇ ಎಡವಿತು.

ರೈಲು ಹೋಯಿತು. ಹಾರ್ನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.
ತಿರುಗಿ ನೋಡಿದರೆ ಹೆಲ್ಮೆಟ್ಟು, ಹೆಲ್ಮೆಟ್ಟು, ಹೆಲ್ಮೆಟ್ಟು.

ಠಾಣೆಯಲ್ಲಿ ಬರೆದುಕೊಳ್ಳುವವರು ಕೇಳಿದರು:
“ಏನ್ ಕದ್ದಾರ್ರೀ ಮೇಡಂ?”
ಒಂದು ತಪ್ಪು, ಎಂದು ಹೇಳುವುದು ಹೇಗೆ?
“ಬೆದರಿಕೆ ಏನಾರ?” ಇಲ್ಲ.
“ಅಭಿಮಾನಿ ಇರಬೇಕು ಬಿಡ್ರಿ.
ನಮ್ಮ ಹುಡುಗಿಗೂ ಪಿಟೀಲು ಕಲಿಸಬೇಕಂತ ಐತಿ.”

ಕಿಟಕಿಗೆ ಹತ್ತಿಯ ಹಾಸಿಗೆ ಒತ್ತಿದೆ.
ರುದ್ರಮುನಿ ಏಣಿ ತಂದು ಮೊಳೆ ಹೊಡೆದುಕೊಟ್ಟ.
ತಸ್ಲೀಮಾ ಎರಡು ವಾರ ರಾತ್ರಿ ಜೊತೆಗೆ ಮಲಗಿದಳು.
ಹನ್ನೊಂದು ವರ್ಷದ ಶಿಷ್ಯರು, ನನ್ನ ಬೆನ್ನ ಹಿಂದೆ
ಎಡಕ್ಕೊಬ್ಬ ಬಲಕ್ಕೊಬ್ಬಳು ಕೂತು
ತಂಬೂರಿ ಮೀಟುವವರು.
ಅವರಿಲ್ಲದಿದ್ದರೆ ಹುಚ್ಚೇ ಹಿಡಿಯುತ್ತಿತ್ತು.

ಹರಿಹರದ ಕಚೇರಿಗೆ ಒಬ್ಬಳೇ ಹೋಗಿ ಬಂದೆ.
ಬೀಗ ಬೀಗದಂತೆಯೇ ಇತ್ತು.
ಗವಸು ತೆಗೆದು ಮನೆಯ ತಂಬೂರಿ ಮೀಟಿದರೆ
ಪಂಚಮದ ತಂತಿ ಮಧ್ಯಮಕ್ಕೆ ಇಳಿದಿತ್ತು.
ಸುಮ್ಮನೆ ಸಡಿಲಾದದ್ದಲ್ಲ,
ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ,
ಜೀವಾಳದ ನೂಲು ಕೂಡ ಸರಿದು ಕೂತಿತ್ತು.
ನಾಳೆ ಬೆಳಿಗ್ಗೆ ಲಲತ್ ಹಿಡಿಯೋಣ ಅಂದುಕೊಂಡದ್ದು
ಬಸ್ಸಿನಲ್ಲಿ. ಮನಸ್ಸಿನಲ್ಲಿ.
ಬಾಯಿಬಿಟ್ಟು ಹೇಳಿದೆನೇ? ಯಾರಿಗೆ?

ಆಮೇಲೆ ನಾನೇ ಬಲೆ ಹೆಣೆದೆ.
ಅಡುಗೆಮನೆಯಲ್ಲಿ ಒಂದು ತಪ್ಪು ನುಡಿಸಿದೆ,
ಮಹಡಿಯ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿ ನಡುವೆ, ಇನ್ನೊಂದು,
ಪಾಠದ ಕೋಣೆಯಲ್ಲಿ ಮೂರನೆಯದು.
ಯಾವುದು ಬೀದಿಗೆ ಬರುತ್ತದೋ
ಆ ಗೋಡೆಗೆ ಕಿವಿಯಿದೆ ಎಂದರ್ಥ.
ಹತ್ತು ದಿನ ಏನಿಲ್ಲ. ಮಂಡಕ್ಕಿ ಬಟ್ಟಿಯ ಹೊಗೆ
ನಸುಕಿಗೆ ಎದ್ದು ಓಣಿಗೆ ಬರುತ್ತಿತ್ತು, ಹಾಗೇ ಹೋಗುತ್ತಿತ್ತು.
ಹನ್ನೊಂದನೇ ದಿನ, ಅದೇ ಗೇಟು, ಅದೇ ಶಿಳ್ಳೆ:
ಮೂರೂ ಜಾಗ ಬಂದವು, ಒಂದರ ಹಿಂದೊಂದು.
ತಿದ್ದಿದ್ದರು.
ನನ್ನ ಹಳೆಯ ಎಡವನ್ನೂ ತಿದ್ದಿದ್ದರು.

ಅಂದಿನಿಂದ ಬೆರಳು ಅಲ್ಲಿಗೆ ಬಂದಾಗ
ಯಾವುದು ತನ್ನದು ತಿಳಿಯದೆ ನಿಲ್ಲುತ್ತದೆ,
ಪರರ ಹೊಸ್ತಿಲಲ್ಲಿ
ಚಪ್ಪಲಿ ಬಿಡಲೋ ಬೇಡವೋ ಎಂಬಂತೆ.

ಅಹೋರಾತ್ರಿ ಸಂಗೀತದ ಕಡೆಯ ಪಾಳಿ ನನ್ನದು.
ಹತ್ತಿ ವರ್ತಕರ ಹಳೇ ಭವನ, ಬೆಳಗಿನ ಐದು,
ಅರ್ಧ ಸಭೆ ಶಾಲು ಹೊದ್ದು ತೂಕಡಿಸುತ್ತಿತ್ತು.
ಸಾಲು ಸಾಲಾಗಿ ಎಲ್ಲರ ತುಟಿ ನೋಡಿದೆ.
ಒಂದೂ ಅಲುಗುತ್ತಿರಲಿಲ್ಲ.

ಆಲಾಪ. ಶುದ್ಧ ಮಧ್ಯಮ, ತೀವ್ರ ಮಧ್ಯಮ.
ಆಮೇಲೆ ಕಮಾನು ಒತ್ತಿ
ಲಲತ್ ಎಂದೂ ಮುಟ್ಟದ ಪಂಚಮವನ್ನು
ಹಿಡಿದೆ. ಬಿಡಲಿಲ್ಲ.
ಮುಂದಿನ ಸಾಲಿನ ಮುದುಕರು ಕಣ್ಣು ತೆರೆದರು.
ಯಾರೋ ಛೇ ಅಂದರು.
ಇನ್ನೂ ಹಿಡಿದೆ, ಒಂದು ಉಸಿರಿನಷ್ಟು, ಅದಕ್ಕೂ ಹೆಚ್ಚು

ಬೆನ್ನ ಹಿಂದೆ
ಎರಡು ತಂಬೂರಿಗಳಲ್ಲಿ ಒಂದು
ನಿಂತಿತು.