ಕಿವಿಗೆ ಸ್ಕ್ರೂಡ್ರೈವರ್

ಮೆರಾಬ್ ಬಂದವನೇ ಬಾನೆಟ್ ಎತ್ತಲಿಲ್ಲ,
ತುಟಿ ಚೂಪು ಮಾಡಿ ಸದ್ದನ್ನೇ ಮಾಡಿ ತೋರಿಸಿದ: ಊಂ... ಈಂ...
ಓನಿಯಿಂದ ಇಳಿಯುತ್ತ ಎರಡನೇ ಸೇತುವೆಯ ಹತ್ತಿರ ಶುರುವಂತೆ,
ಕುಟೈಸಿ ಮುಟ್ಟುವವರೆಗೂ ಬಿಡಲಿಲ್ಲವಂತೆ.
ಹಿಂದಿನ ಸೀಟಿನ ಮುದುಕಿ ಒಪ್ಪಲಿಲ್ಲ.
ಊಂ ಅಲ್ಲ ಮಗಾ, ಹಾಲು ಬಿಡಿಸಿದ ಕರು
ರಾತ್ರಿಯೆಲ್ಲ ರಾಗ ಎಳೆಯುತ್ತಲ್ಲ, ಹಾಗೆ.
ಚೀಸಿನ ಚೀಲ ಮಡಿಲಲ್ಲಿ ಇಟ್ಟುಕೊಂಡಿದ್ದ ಇನ್ನೊಬ್ಬ
'ನನಗೇನೂ ಕೇಳಿಸಲಿಲ್ಲಪ್ಪ, ನಿದ್ದೆ ಬಂದಿತ್ತು' ಎಂದ.

ನುಕ್ರಿ ಕೇಳುತ್ತ ಹೋದ.
ತಣ್ಣಗಿದ್ದಾಗಲೋ, ಕಾದ ಮೇಲೋ?
ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಏರುತ್ತದೋ?
ಕ್ಲಚ್ ತುಳಿದರೆ ಬಾಯಿ ಮುಚ್ಚುತ್ತದೋ?
ಸ್ಟೇರಿಂಗ್ ಪೂರಾ ತಿರುಗಿಸಿದಾಗ? ದೀಪ ಹಾಕಿದಾಗ? ಮಳೆಯಲ್ಲಿ?
ನನ್ನ ಮೊಣಕಾಲಿನ ಬಗ್ಗೆ
ಯಾವ ಡಾಕ್ಟರೂ ಇಷ್ಟು ಕೇಳಿಲ್ಲ, ಎಂದಳು ಮುದುಕಿ.

ನಾನು ಎಂಜಿನ್ ಚಾಲೂ ಮಾಡಿದೆ.
ಇತ್ತು.
ಹಲ್ಲಿನ ಬುಡಕ್ಕೆ ತಾಗುವಷ್ಟು ತೆಳ್ಳಗೆ,
ಕಾಲೊತ್ತಿದರೆ ಏರಿ, ಬಿಟ್ಟರೆ ಇಳಿದು,
ಕೇಳಿದ್ದು ಸಿಗುವತನಕ ಸುಮ್ಮನಾಗದ ಮಗುವಿನ ಹಾಗೆ.

ನುಕ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗಿಟ್ಟು
ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದ.
ಆಮೇಲೆ ಆಲ್ಟರ್ನೇಟರಿಗೆ ಇಟ್ಟ.
ಆಮೇಲೆ ನನ್ನ ಕೈಗೆ ಕೊಟ್ಟ.
'ನೀನೇ ಕೇಳು. ನನ್ನ ಕೈ ತುಂಬ ಎಣ್ಣೆ.'

ಈ ಶೆಡ್ಡಿಗೆ ಬಂದು ನನಗೆ ಎರಡು ಚಳಿಗಾಲ.
ಎಣ್ಣೆಯಿಲ್ಲದ ಅವನ ಕೈ ನೋಡಿದ್ದು ಒಂದೇ ಸಲ, ಮಗಳ ಮದುವೆಯಲ್ಲಿ.
ಅವತ್ತೂ ಉಗುರಿನ ಸಂದಿಯಲ್ಲಿ ಇತ್ತು.

ಕೇಳಿದೆ. ಕಬ್ಬಿಣದೊಳಗಿಂದ ಸದ್ದು
ನೆಟ್ಟಗೆ ತಲೆಬುರುಡೆಗೆ ಇಳಿಯಿತು.
'ಆಲ್ಟರ್ನೇಟರ್' ಅಂದೆ, ಎರಡು ಸಲ ಅಂದೆ.
ಮೆರಾಬ್ ಜೇಬು ಮುಟ್ಟಿ ನೋಡಿಕೊಂಡ.

ನುಕ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಎಂಜಿನ್ ಆರಿಸಿ, ಬೆಲ್ಟ್ ಬಿಚ್ಚಿ, ಹೆಗಲಿಗೆ ಹಾಕಿಕೊಂಡು
'ಅರೆ ನಿಮಿಷ ಹೀಗೇ ಓಡಿಸು' ಎಂದ.
ಓಡಿಸಿದೆ. ರಾಗ ಇಲ್ಲ.
'ಇಲ್ಲ' ಎಂದು ನಾನು ಹೇಳಿದ ಮೇಲೆ ಅವನೆಂದ,
'ಸರಿ. ಯಜಮಾನ ನೆಟ್ಟಗಿದ್ದಾನೆ. ನೆಂಟರಲ್ಲಿ ಯಾರೋ.'

ಆಮೇಲೆ ಒಂದೊಂದೇ ಗಾಲಿಯನ್ನು ಬೆರಳಿನಿಂದ ತಿರುಗಿಸುತ್ತ ಹೋದ,
ಗೋಡೆಯ ಕಡೆಗೆ ಮುಖ ಮಾಡಿ,
ಅಂಗಡಿಯಲ್ಲಿ ಬಣ್ಣ ನೋಡದೆ
ಬಟ್ಟೆಯ ಅಂಚು ತಿಕ್ಕಿ ನೋಡುವವರ ಹಾಗೆ.
ನೀರಿನ ಪಂಪು: ಬೆಣ್ಣೆ.
ಆಲ್ಟರ್ನೇಟರ್: ಬೆಣ್ಣೆ.
ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಸಣ್ಣ ಗಾಲಿಯ ಮೇಲೆ
ಬೆರಳು ನಿಂತಿತು. ಮತ್ತೊಮ್ಮೆ ತಿರುಗಿಸಿತು.
'ಬಾ, ಮುಟ್ಟು.'

ಮುಟ್ಟಿದೆ. ಇದ್ದದ್ದು ಇಷ್ಟೇ ಇಷ್ಟು,
ಸರಿಯಾಗಿ ತೊಳೆಯದ ಸೊಪ್ಪಿನಲ್ಲಿ
ಹಲ್ಲಿಗೆ ಸಿಕ್ಕ ಮರಳು.

'ಸದ್ದು ಕಬ್ಬಿಣದಲ್ಲಿ ಓಡಾಡುತ್ತೆ,
ಪಕ್ಕದ ಮನೆಗೆ ಹೋಗಿ ಕೂತು ಅಳುತ್ತೆ' ಎಂದು
ಸ್ಪ್ಯಾನರಿಗಾಗಿ ಕೈ ಚಾಚಿದ.

ಹಳೇ ಟ್ರಕ್ ಕಾರ್ಖಾನೆಯಲ್ಲಿ ಅವನು ಹತ್ತೊಂಬತ್ತು ವರ್ಷ ಇದ್ದನೆಂದು
ಬೀದಿಗೆಲ್ಲ ಗೊತ್ತು. ಹೊಸ ಎಂಜಿನ್ನುಗಳನ್ನು
ಗಂಟೆಗಟ್ಟಲೆ ಒದರಿಸುವ ಆ ದೊಡ್ಡ ಕೋಣೆಯಲ್ಲಿ,
ಕಿವಿಗೆ ಹತ್ತಿ ತುರುಕಿಕೊಂಡು.
ಸಂಬಳ ಚೆನ್ನಾಗಿತ್ತು ಅನ್ನುತ್ತಾನೆ.
ಇನ್ನೇನೂ ಅನ್ನುವುದಿಲ್ಲ.

ಸಂಜೆ ಹೊಸ ಬೇರಿಂಗ್ ಕೂರಿಸಿ ಬೆಲ್ಟ್ ಬಿಗಿದೆವು.
ನಾನು ಬಾಗಿಲು ತೆರೆದಿಟ್ಟುಕೊಂಡೇ ಕೀಲಿ ತಿರುಗಿಸಿದೆ.
ಮೆರಾಬ್ ಎಂಜಿನ್ನಿನ ಮೇಲೆ ಬಗ್ಗಿದ.
ಮುದುಕಿ ಕಿವಿಯ ಮೇಲಿನ ಶಾಲು ಸರಿಸಿದಳು.
ನುಕ್ರಿ ಎಂಜಿನ್ ಕಡೆ ನೋಡಲಿಲ್ಲ,
ನನ್ನ ಮುಖ ನೋಡುತ್ತಿದ್ದ.

ಪ್ರತಿ ಗಾಡಿಗೂ ಹೀಗೇ ನೋಡುತ್ತಿದ್ದ.
ತಪ್ಪು ಹಿಡಿಯುವುದಕ್ಕೆ ಅಂದುಕೊಂಡಿದ್ದೆ, ಎರಡು ಚಳಿಗಾಲ.

ಆಕ್ಸಿಲರೇಟರ್ ಒತ್ತಿದೆ. ಬಿಟ್ಟೆ. ಮತ್ತೆ ಒತ್ತಿದೆ.
ಶೆಡ್ಡಿನ ತಗಡಿನ ಮೇಲೆ ಪಾರಿವಾಳದ ಕಾಲುಗಳು ಕೂಡ ಕೇಳಿಸುತ್ತಿದ್ದವು.
ಆಮೇಲೆ ನಿಧಾನವಾಗಿ, ಅವನಿಗೆ ಕಾಣುವ ಹಾಗೆ,
ಗಂಟಿಕ್ಕಿದ್ದ ಹುಬ್ಬು ಬಿಚ್ಚಿದೆ.