ಒಬ್ಬಳ ಅಕ್ಕಿ

ಕೀಲಿಕೈ ಕೊಡುವ ಮುಂಚೆ ಲೂರ್ದಮ್ಮ ಕೇಳಿದರು:
"ಎಷ್ಟು ಜನ?"
ನಾನು ತಿರುಗಿ ನೋಡಿದೆ,
ಮೆಟ್ಟಿಲಲ್ಲಿ ಇನ್ನೂ ಯಾರೋ ಹತ್ತಿ ಬರುತ್ತಿರುವ ಹಾಗೆ.
"ಒಬ್ಬಳೇ."
ಅಷ್ಟು ಹೇಳುವಷ್ಟರಲ್ಲಿ ಬಾಯಿ ಒಣಗಿತ್ತು.
"ಬಿಡಿ, ನೀರಿನ ಬಿಲ್ಲು ಕಮ್ಮಿ ಬರುತ್ತೆ" ಅಂದರು.

ದುರ್ಗಿಗುಡಿಯ ಒಂದು ಓಣಿ, ಮಹಡಿ ಮೇಲಿನ ಕೋಣೆ.
ಕೆಳಗೆ ಹಿಟ್ಟಿನ ಗಿರಣಿ.
ಅದು ತಿರುಗುವಷ್ಟು ಹೊತ್ತು ತಟ್ಟೆ ಲೋಟ ನಡುಗುತ್ತವೆ,
ನಿಂತ ಮೇಲೆ ನಾನು.

ಮೊದಲ ರಾತ್ರಿ ಅನ್ನಕ್ಕಿಟ್ಟೆ.
ಇಪ್ಪತ್ತೆರಡು ವರ್ಷ ಮೂರು ಪಾವು ಅಳೆದ ಕೈ,
ಅದಕ್ಕೇನು ಗೊತ್ತು ಕೋರ್ಟಿನ ಕಾಗದ?
ಮಾವನಿಗೆ, ನಾದಿನಿಗೆ, ಅವರಿಗೆ,
ಹೊತ್ತಲ್ಲದ ಹೊತ್ತಿಗೆ ಬಂದವರಿಗೆ,
ತಳದ ಸೀಕಲು ನನಗೆ,
ತಾನಾಗಿಯೇ ಸುರಿದುಬಿಟ್ಟಿತು.
ಮುಚ್ಚಳ ತೆಗೆದರೆ
ಒಂದು ಪಂಕ್ತಿಗಾಗುವಷ್ಟು ಬೆಳ್ಳಗೆ, ಬಿಸಿಬಿಸಿ,
ಕೂರಲು ಯಾರೂ ಇಲ್ಲದ ಪಂಕ್ತಿ.

ಬೆಳಿಗ್ಗೆ ಡಬ್ಬಿಗೆ ತುಂಬಿಕೊಂಡು
ತುಂಗೆಯ ದಡಕ್ಕೆ ಹೋದೆ.
ಮೆಟ್ಟಿಲಿಳಿದು ಮೀನಿಗೆ ಹಾಕುತ್ತಿದ್ದೆ, ಹಿಡಿ ಹಿಡಿಯಾಗಿ.
ಪಂಚೆ ಹಿಂಡುತ್ತಿದ್ದ ಮುದುಕರೊಬ್ಬರು ಮೆಲ್ಲಗೆ ಕೇಳಿದರು:
"ಯಾರ ತಿಥಿ, ತಾಯೀ?"
"ತಿಥಿಯಲ್ಲ. ಉಳಿದದ್ದು."
ಅವರಿಗೆ ಅರ್ಥವಾಗಲಿಲ್ಲ. ಮೀನಿಗೆ ಆಯಿತು.

ನೆಹರೂ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ.
ಗಾಜು ಬದಲಿಸಿ ಬದಲಿಸಿ ಕೇಳಬೇಕು:
"ಇದು ಚೆನ್ನಾಗಿದೆಯೋ, ಮುಂಚಿನದೋ?"
ಜನ ಬಹಳ ಯೋಚಿಸುತ್ತಾರೆ,
ತಪ್ಪು ಹೇಳಿದರೆ ಫೇಲಾಗುವವರ ಹಾಗೆ.
ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಮಾತ್ರ ಅಂದರು:
"ಎರಡೂ ಮಂಜೇ ಕಣಮ್ಮ.
ಇದರಲ್ಲಿ ಅಕ್ಷರಕ್ಕೆ ಸ್ವಲ್ಪ ದಯೆ ಇದೆ."

ಎರಡನೇ ವಾರಕ್ಕೆ ಎರಡು ಪಾವು.
ಆಮೇಲೆ ಒಂದೂವರೆ.
ಯುಗಾದಿಯ ದಿನ ಮೈಮರೆತು ಮತ್ತೆ ಮೂರು;
ಆ ಸಂಜೆ ನೆಲಕ್ಕೆ ಕೂತು ಅತ್ತೆ,
ಅವರಿಗಾಗಿ ಅಲ್ಲ, ಆ ಮನೆಗಾಗಿಯೂ ಅಲ್ಲ,
ಅನ್ನ ದಂಡವಾಯಿತಲ್ಲ ಅಂತ.
ಹಾಗಂತ ಲೂರ್ದಮ್ಮನಿಗೆ ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು,
ಚಿತ್ರಾನ್ನ ಕಲಸಲು ನಿಂಬೆಹಣ್ಣು ತಂದುಕೊಟ್ಟರು.

ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ.
ಅರ್ಧ ಪಾವಿನ ಪಾತ್ರೆಗೆ
ಯಾರೂ ಗಾದೆ ಮಾಡಿಟ್ಟಿಲ್ಲ.

ಶಾಂತಿ ಅಂದರೆ ನನ್ನಜ್ಜಿಗೆ ಗ್ರಹಶಾಂತಿ:
ಹೋಮ, ಹೊಗೆ, ದಕ್ಷಿಣೆಯ ಚೌಕಾಸಿ.
ನನಗೆ ಸಿಕ್ಕಿದ್ದು
ಕರೆಂಟು ಹೋಗಿ ಗಿರಣಿ ನಿಂತ ಕಾಲು ಗಂಟೆ.
ಕಿಟಕಿಯ ಬಿಸಿಲಲ್ಲಿ ಹಿಟ್ಟಿನ ಧೂಳು ಇಳಿಯುತ್ತದೆ,
ಎಲ್ಲಿ ಕೂರಲಿ ಅಂತ ಯಾರನ್ನೂ ಕೇಳದೆ
ಕೂರುತ್ತದೆ,
ಮಂಚದ ಮೇಲೆ, ನನ್ನ ಮೊಣಕೈ ಮೇಲೆ.
ಒರೆಸುವುದಿಲ್ಲ.
ಕರೆಂಟು ಬಂದರೆ ಅದೂ ಮುಗಿಯಿತು.

ಕೈಗೆ ಅಳತೆ ಸಿಕ್ಕಿದ್ದು ಯಾವಾಗ, ಗೊತ್ತಾಗಲಿಲ್ಲ.
ನಿನ್ನೆ ರಾತ್ರಿ ಉಂಡು, ಪಾತ್ರೆ ಬಗ್ಗಿಸಿ ನೋಡಿದೆ:
ಒಂದು ಅಗುಳೂ ಇಲ್ಲ.
ಇನ್ನೂ ಹಸಿವು.
ಎಷ್ಟು ದಿನವಾಗಿತ್ತು ಇದು ಬಂದು!
ಬಡಿಸುತ್ತ ಬಡಿಸುತ್ತ ಎಲ್ಲೋ ಬಿಟ್ಟುಬಂದಿದ್ದೆ,
ಸೌಟಿನ ಜೊತೆ, ಆ ಅಡುಗೆಮನೆಯ ಮೊಳೆಗೆ ನೇತುಹಾಕಿ.
ಈಗ ವಿಳಾಸ ಹುಡುಕಿಕೊಂಡು
ಮಹಡಿ ಹತ್ತಿ ಬಂದಿದೆ.

ಒಂಬತ್ತು ಗಂಟೆ. ಬಾಗಿಲಿಗೆ ಬೀಗ ಹಾಕಿ
ಗೋಪಿ ಸರ್ಕಲ್ಲಿನವರೆಗೆ ನಡೆದೆ.
ಗಾಡಿಯ ಹುಡುಗ ಕಾವಲಿಗೆ ನೀರು ಚಿಮುಕಿಸುತ್ತ ಕೇಳಿದ:
"ಎಷ್ಟಕ್ಕಾ? ಪಾರ್ಸೆಲ್ಲಾ?"
"ಎರಡು ದೋಸೆ. ಇಲ್ಲೇ."
ಅವನು ನನ್ನ ಭುಜದಾಚೆ ಇಣುಕಿ ನೋಡಿದ,
ಇನ್ನೊಬ್ಬರು ಎಲ್ಲಿ ಅಂತ.
"ಎರಡೂ ನನಗೇ ಕಣೋ."

ಚಟ್ನಿ ಸಿಕ್ಕಾಪಟ್ಟೆ ಖಾರ ಇತ್ತು.