ಕೊನೆಯ ಹತ್ತು ನಿಮಿಷ

ಫೆಲ್ಟಮ್ಮಿನ ಥಿಯೇಟರಿನಲ್ಲಿ ನನ್ನದು ಪೊರಕೆ, ಕಪ್ಪು ಚೀಲ,
ಏಳನೇ ಪರದೆಯ ಹಿಂಬಾಗಿಲು.
ಆಟ ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ
ಒಳಗೆ ಬಂದು ಗೋಡೆಗೊರಗಿ ನಿಲ್ಲಬೇಕು,
ಹೆಸರುಗಳು ಉರುಳತೊಡಗಿದ ಕೂಡಲೇ ಗುಡಿಸಬೇಕು.

ಈ ವಾರ ತೆಲುಗು ಚಿತ್ರ.
ದಿನಕ್ಕೆ ನಾಲ್ಕು ಸಲ
ಅದೇ ಹುಡುಗಿ ಅದೇ ಅಂಗಳದಲ್ಲಿ ಮಂಡಿಯೂರಿರುತ್ತಾಳೆ,
ಅದೇ ಹುಡುಗನ ಬಿಳಿ ಅಂಗಿಗೆ ಅದೇ ಜಾಗದಲ್ಲಿ ರಕ್ತ,
ಅದೇ ಅಪ್ಪ ಮಚ್ಚು ಎತ್ತುತ್ತಾನೆ,
"ಮನ ಪರುವು" ಎನ್ನುತ್ತಾನೆ.
ಎತ್ತಿದ ಕೈ ನಡುಗುತ್ತದೆ.
ಮಚ್ಚು ಬೀಳುತ್ತದೆ. ಶಿಳ್ಳೆ.
ಶಿಳ್ಳೆಗೂ ಮುಂಚೆ ಒಂದು ಉಸಿರಿನಷ್ಟು ಮೌನ,
ಅದರಲ್ಲಿ ಹೀಥ್ರೂಗೆ ಇಳಿಯುವ ವಿಮಾನ ಕೇಳುತ್ತದೆ.
ಆಮೇಲೆ ಪಾಪ್‌ಕಾರ್ನ್, ಅಂಟುವ ಕೋಕ್, ಒಂಟಿ ಜುಮುಕಿ.

"ಯಾಕೆ ಕೊಲ್ಲಬೇಕಿತ್ತು ಅವನು?" ಕೇಳಿದಳು ಡನೂಟಾ.
"ಪರುವು" ಅಂದೆ.
ಮಾನ ಎನ್ನಲೇ, ಮರ್ಯಾದೆ ಎನ್ನಲೇ,
ನನ್ನ ಇಂಗ್ಲಿಷು ಬಸ್ಸು ಕೇಳುವಷ್ಟು, ಸಂಬಳ ಕೇಳುವಷ್ಟು.
"ಊರು ಏನನ್ನುತ್ತೆ, ಅದು" ಅಂದೆ.
ಚೀಲದ ಬಾಯಿ ಗಂಟು ಹಾಕುತ್ತಾ ಅವಳು,
"ನಮ್ಮಲ್ಲೂ ಊರುಗಳಿವೆ."

ಬಾಗೇಪಲ್ಲಿಯ ಟೆಂಟಿನಲ್ಲಿ ನಮ್ಮಪ್ಪ ಗೇಟು ಕಾಯುತ್ತಿದ್ದ.
ಇಂಟರ್ವಲ್ ಆದ ಮೇಲೆ ಕತ್ತಲಲ್ಲಿ ನನ್ನನ್ನು ಒಳಗೆ ತಳ್ಳಿ
"ಸದ್ದು ಮಾಡಬ್ಯಾಡ" ಎನ್ನುತ್ತಿದ್ದ.
ಯಾವ ಚಿತ್ರದ್ದೂ ಮೊದಲರ್ಧ ನನಗೆ ಗೊತ್ತಿಲ್ಲ.
ಯಾಕೆ ಒಲಿದರೋ, ಎಲ್ಲಿ ಕಂಡರೋ,
ನಾನು ಹೋಗುವಷ್ಟರಲ್ಲಿ ಎಲ್ಲರೂ ಅಳುತ್ತಿರುತ್ತಿದ್ದರು.

ನನ್ನದು ಕೊಳಾಯಿಯ ಹತ್ತಿರ ಆದದ್ದು.
ಒಂದೇ ಕೊಳಾಯಿ, ಎರಡು ಸಾಲು.
ಆ ಸಾಲಿನ ವೆಂಕಟರವಣ ಈ ಸಾಲಿನ ನನಗೆ ಕೊಡ ಎತ್ತಿಕೊಟ್ಟ.
ಆ ಕೊಡವನ್ನು ಅಮ್ಮ ಹುಣಿಸೆಹಣ್ಣು ಹಚ್ಚಿ ಮೂರು ಸಲ ಬೆಳಗಿದಳು.
ಅಪ್ಪ ಮಚ್ಚು ಎತ್ತಲಿಲ್ಲ.
ಬೆಳಗ್ಗೆ ಚಿತ್ರಾವತಿಗೆ ಹೋಗಿ
ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟು
ಸಂಜೆ ಮೊದಲ ಆಟಕ್ಕೆ ಗೇಟಿನಲ್ಲಿದ್ದನಂತೆ.

ಇಪ್ಪತ್ತಾರು ವರ್ಷ.
ವೆಂಕಟರವಣ ರಾತ್ರಿಪಾಳಿಯಲ್ಲಿ ಕಾರ್ಗೋ ಎತ್ತುತ್ತಾನೆ,
ಹಗಲೆಲ್ಲ ಗೊರಕೆ.
ಒಲವು ಅಂದರೆ ಈಗ, ಅನ್ನದ ಮೇಲೆ ಮುಚ್ಚಿಟ್ಟ ತಟ್ಟೆ.
ದೂರೇನಿಲ್ಲ.
ಆದರೂ, ಪರದೆಯ ಮೇಲಿನ ಅಪ್ಪ ದಿನಕ್ಕೆ ನಾಲ್ಕು ಸಲ
ಕ್ಷಮಿಸುತ್ತಾನಲ್ಲ,
ಒಂದನ್ನಾದರೂ ಆ ಕಡೆಗೆ ಕಳಿಸಬಾರದಿತ್ತೇ.

ಗುರುವಾರ ಚಿತ್ರದ ಕಡೆಯ ದಿನ, ನನಗೆ ರಜೆ.
ಇನ್ನೂರ ಎಂಬತ್ತೈದನೇ ನಂಬರಿನ ಬಸ್ಸು ಹತ್ತಿ ಬಂದು
ದುಡ್ಡು ಕೊಟ್ಟು, ಟಿಕೆಟ್ಟು ಹಿಡಿದು,
ಜಾಹೀರಾತಿಗೂ ಮುಂಚೆಯೇ ಕೂತೆ.
ಹೆಂಡತಿ ತೀರಿಕೊಂಡ ಆ ಅಪ್ಪ
ಪುಟ್ಟ ಮಗಳಿಗೆ ಜಡೆ ಹೆಣೆಯಲು ಕಲಿಯುತ್ತಿದ್ದ,
ಕೊಟ್ಟಿಗೆಯಲ್ಲಿ ಯಾರಿಗೂ ಕಾಣದಂತೆ
ಎಮ್ಮೆಯ ಹಗ್ಗ ಬಿಚ್ಚಿ, ಮೂರು ಎಳೆ ಮಾಡಿ.
ಎಮ್ಮೆ ಅವನನ್ನೇ ನೋಡುತ್ತಿತ್ತು.
ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ.
ಆಮೇಲೆ ನಗು ನಿಲ್ಲಿಸಲಾಗಲಿಲ್ಲ,
ಆಮೇಲೆ ಅದು ನಗುವಾಗಿರಲಿಲ್ಲ.

ಅಂಗಳ ಬಂತು. ತಿರುಗಿದೆ.
ಗೋಡೆಗೊರಗಿ ಡನೂಟಾ, ಕೈಯಲ್ಲಿ ನನ್ನ ಪೊರಕೆ.
ಎದ್ದು ಹೋಗಿ ಅವಳನ್ನು ನನ್ನ ಸೀಟಿನಲ್ಲಿ ಕೂರಿಸಿದೆ.
ಮಾತು ಬಿಡು, ಅವನ ಕೈ ನೋಡು, ಅಂದೆ.
ಪೊರಕೆ ಇಸಿದುಕೊಂಡು
ಆಚೆ ಬಂದು ಮೆಟ್ಟಿಲು ಗುಡಿಸತೊಡಗಿದೆ.
ಒಳಗೆ ಮಚ್ಚು ಬಿತ್ತು.
ಶಿಳ್ಳೆಗೆ ಕಾಯದೆ ಇನ್ನೊಂದು ಮೆಟ್ಟಿಲು ಇಳಿದೆ.